ದೂರುಗಳು: ಇಲ್ಲ

ಮಾನ್ಯ ಅಧ್ಯಕ್ಷರೇ, ನನ್ನನ್ನು ಹತ್ತು ನಿಮಿಷ ಹೊಗಳಿ ಗಂಟಲು ಒಣಗಿಸಿಕೊಂಡ ಮುಖ್ಯ ಅತಿಥಿಗಳೇ, ಮೂವತ್ತೊಂದು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ತಿಂಡಿ ಎಷ್ಟು ಹೊತ್ತಿಗೋ ಅಂತ ಬಾಗಿಲ ಕಡೆ ಕಣ್ಣಿಟ್ಟಿರುವ ಸಭಿಕರೇ, ಮತ್ತು ಕೆಳಗೆ ಸೈಕಲ್ ಸ್ಟ್ಯಾಂಡಿನ ಪಕ್ಕ ಕಾವಲುಗಾರನ ಕುರ್ಚಿಯಲ್ಲಿ ಕೂತು ಸ್ಪೀಕರಿನಲ್ಲಿ ಈ ಮಾತು ಕೇಳುತ್ತಿರುವ ನನ್ನ ಅಕ್ಕಾ.

ಕೆಳಗೊಂದು ಸ್ಪೀಕರ್ ಹಾಕಿ ಅಂತ ಬೆಳಿಗ್ಗೆ ಕೇಳಿದಾಗ ಮೈಕಿನವರು ನಕ್ಕರು. "ಡ್ರೈವರುಗಳು ಭಾಷಣ ಕೇಳ್ತಾರಾ ಸಾರ್?" ಅಂದರು. ಕೇಳುವವರು ಒಬ್ಬರಿದ್ದಾರೆ, ಹಾಕಿ ಮಾರಾಯರೇ ಅಂದೆ. ಹಾಕಿದ್ದಾರೆ. ಅವರಿಗೆ ಮೊದಲ ಧನ್ಯವಾದ.

ನಿವೃತ್ತಿಯ ಕಾಣಿಕೆ ಅಂತ ಈಗಷ್ಟೇ ನನ್ನ ಕೈಗೆ ಒಂದು ಫಲಕ ಕೊಟ್ಟಿರಿ. 'ನೂರಕ್ಕೆ ನೂರು ಸಾಧನೆ' ಅಂತ ಬರೆದಿದೆ. ಏನು ಸಾಧನೆ? ಸರ್ಕಾರಿ ಕಚೇರಿಗಳಲ್ಲಿ ಅಂಗವಿಕಲರಿಗೆ ಅಂತ ಮೀಸಲಿಟ್ಟ ಹುದ್ದೆಗಳನ್ನು ಅವರಿಗೇ ಕೊಟ್ಟಿದ್ದಾರಾ ಇಲ್ಲವಾ ಎಂದು ನೋಡುವುದು ನಮ್ಮ ವಿಭಾಗದ ಕೆಲಸ. ನೋಡಿದೆವು. ಮೂವತ್ತೊಂದು ವರ್ಷ ನೋಡಿದ್ದೇ ನೋಡಿದ್ದು. ಮೂರು ತಿಂಗಳಿಗೊಮ್ಮೆ ನಮೂನೆ ಬರುತ್ತಿತ್ತು, ವರ್ಷಕ್ಕೊಮ್ಮೆ ನಾವು ಖುದ್ದಾಗಿ ಭೇಟಿಗೆ ಹೋಗುತ್ತಿದ್ದೆವು. ಹೋಗುವ ತಾರೀಕನ್ನು ಹದಿನೈದು ದಿನ ಮೊದಲೇ ಟಪಾಲಿನಲ್ಲಿ ತಿಳಿಸುತ್ತಿದ್ದೆವು. ಹೇಳದೆ ಕೇಳದೆ ಹೋಗೋದು ಮರ್ಯಾದೆಯೇ?

ನಮ್ಮ ವಾರ್ಷಿಕ ವರದಿಯ ಕೊನೆಯಲ್ಲಿ ಒಂದು ಸಾಲಿದೆ. 'ಅಂಗವಿಕಲರಿಂದ ಬಂದ ದೂರುಗಳು.' ಅದರ ಮುಂದೆ ಪ್ರತಿ ವರ್ಷ ನನ್ನ ಕೈಯಾರೆ 'ಇಲ್ಲ' ಅಂತ ಬರೆದಿದ್ದೇನೆ. ಮುಖ್ಯ ಅತಿಥಿಗಳು ಅದನ್ನೇ ಹೊಗಳಿದರು. ಒಂದಾದರೂ ದೂರು ಬೇಡವೇ, ಎಂಥಾ ಆಡಳಿತ, ಅಂದರು. ಸ್ವಾಮಿ, ನಮ್ಮ ವಿಭಾಗ ಇರೋದು ನಾವೀಗ ಕೂತಿರುವ ಇದೇ ಎರಡನೇ ಮಹಡಿಯಲ್ಲಿ. ಲಿಫ್ಟಿಲ್ಲ. ನಲವತ್ತನಾಲ್ಕು ಮೆಟ್ಟಿಲು. ದೂರನ್ನು ಖುದ್ದಾಗಿ ಬಂದು ಕೊಡಬೇಕು ಅಂತ ನಮ್ಮ ನಿಯಮ. ದೂರು ಎಲ್ಲಿಂದ ಬರಬೇಕು?

ನಗಬಹುದು. ನಾನೂ ಬಹಳ ವರ್ಷ ನಕ್ಕಿದ್ದೇನೆ.

ನಮ್ಮ ದಾಖಲೆ ಕೋಣೆಯಲ್ಲಿ ಒಬ್ಬ ಬೈಂಡರ್ ಇದ್ದ. ಹಳೇ ಕಡತಗಳಿಗೆ ರಟ್ಟು ಕಟ್ಟುವವನು. ಅವನ ಎಡಗಾಲು ಸೊಟ್ಟ, ಕಂಕುಳಲ್ಲಿ ಊರುಗೋಲು. ಭೇಟಿಯ ದಿನ ನಮ್ಮ ಜೀಪಿನಲ್ಲಿ ಮುಂದೆ ನಾನು, ಹಿಂದೆ ಅವನು. ಬೆಳಿಗ್ಗೆ ನೀರು ಸರಬರಾಜು ಕಚೇರಿ. ಗೇಟಿನ ಹತ್ತಿರ ಜೀಪು ನಿಧಾನ ಮಾಡುತ್ತಿತ್ತು, ಅವನು ಇಳಿದು ಹಿಂಬಾಗಿಲಿಂದ ಒಳಗೆ ಹೋಗುತ್ತಿದ್ದ. ನಾನು ಮುಂಬಾಗಿಲಿಂದ ಹೋಗಿ ಕಾಫಿ ಕುಡಿಯೋ ಹೊತ್ತಿಗೆ ಟೈಪಿಸ್ಟ್ ಕುರ್ಚಿಯಲ್ಲಿ ಕೂತಿರುತ್ತಿದ್ದ. "ಇವರೇ ನಮ್ಮ ಅಂಗವಿಕಲ ನೌಕರರು" ಅಂತ ತೋರಿಸುತ್ತಿದ್ದರು. ನಾನು ಅವನ ಕೈ ಕುಲುಕುತ್ತಿದ್ದೆ, ಮೊದಲ ಸಲ ನೋಡಿದವನ ಹಾಗೆ! ಮಧ್ಯಾಹ್ನ ಭೂಮಾಪನ ಕಚೇರಿ, ಸಂಜೆ ಆಸ್ಪತ್ರೆ ಕಚೇರಿ. ಒಮ್ಮೆ ದಾರಿಯಲ್ಲಿ ಬನ್ನು ತಿನ್ನುತ್ತಾ ಅವನು ಹೇಳಿದ, "ಏಳು ಆಫೀಸಲ್ಲಿ ಕೆಲಸ ಮಾಡ್ತೀನಿ ಸಾರ್. ಕೂರೋಕೆ ಮಾತ್ರ ನೆಟ್ಟಗೆ ಒಂದು ಕುರ್ಚಿ ಇಲ್ಲ."

ಇದು ಸರೀನಾ ಅಂತ ಆಗಿನ ಸಾಹೇಬರನ್ನು ಕೇಳಿದ್ದೆ. "ನಿನ್ನ ಕೆಲಸ ಎಣಿಸೋದು ಕಣಯ್ಯಾ" ಅಂದರು. "ಅಲ್ಲಿ ಹೋದಾಗ ಒಬ್ಬ ಕಂಡ, ಒಂದು ಅಂತ ಬರಿ. ಇಲ್ಲೂ ಒಬ್ಬ ಕಂಡ, ಇಲ್ಲೂ ಒಂದು ಅಂತ ಬರಿ. ಸುಳ್ಳು ಎಲ್ಲಿ ಬಂತು?" ನಾನು ಬರೆದೆ. ಸಹಿಯೂ ಹಾಕಿದೆ.

ಅಕ್ಕನ ವಿಷಯ ಇಲ್ಲಿ ಹೇಳೋಕೆ ಧೈರ್ಯ ಬರುತ್ತೆ ಅಂದುಕೊಂಡಿರಲಿಲ್ಲ. ಚೀಟಿಯಲ್ಲೂ ಬರೆದುಕೊಂಡಿಲ್ಲ. ಆದರೆ ಹೇಳದೆ ಇಳಿದು ಹೋದರೆ ಇನ್ನು ಯಾವತ್ತೂ ಹೇಳುವುದಿಲ್ಲ, ನನ್ನ ಹಣೆಬರಹ ನನಗೆ ಗೊತ್ತು. ಚಿಕ್ಕವಳಿದ್ದಾಗ ಜ್ವರ ಬಂದು ಅವಳ ಎರಡೂ ಕಾಲು ಸೋತವು. ನನಗೆ ಅಕ್ಷರ ತಿದ್ದಿಸಿದ್ದು ಅವಳು. ಈ ನೌಕರಿಯ ಅರ್ಜಿ ತುಂಬಿದ್ದೂ ಅವಳೇ. ನನ್ನ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು. ಅವಳು ಟೈಪಿಂಗ್ ಸೀನಿಯರ್ ಪಾಸು ಮಾಡಿ, ಇಪ್ಪತ್ತೈದು ವರ್ಷದ ಹಿಂದೆ, ಅದೇ ನೀರು ಸರಬರಾಜು ಕಚೇರಿಯ ಟೈಪಿಸ್ಟ್ ಹುದ್ದೆಗೆ ಅರ್ಜಿ ಹಾಕಿದಳು. ಆಗ ಅವಳಿಗೆ ಮೂವತ್ತೊಂಬತ್ತು. ನಲವತ್ತಕ್ಕೆ ವಯೋಮಿತಿ ಮುಗಿಯುತ್ತಿತ್ತು. ಇನ್ನು ಎರಡೇ ತಿಂಗಳು.

ಉತ್ತರ ಬಂತು. 'ಮೀಸಲು ಹುದ್ದೆ ಭರ್ತಿಯಾಗಿದೆ. ಮೇಲ್ವಿಚಾರಣಾ ವಿಭಾಗ ದೃಢೀಕರಿಸಿದೆ.'

ಅಂದರೆ ನಾನು.

ಅವಳು ಆ ಕಾಗದ ಹಿಡಿದುಕೊಂಡು ಕೇಳಿದಳು, "ನೀನು ಅಲ್ಲಿಗೆ ಹೋಗ್ತೀಯಲ್ಲೋ, ಯಾರಪ್ಪ ಆ ಪುಣ್ಯಾತ್ಮ? ನೋಡಿದೀಯಾ?" ನೋಡಿದೀನಿ ಅಂದೆ. "ಹೇಗಿದಾನೆ?" ಪಾಪ, ಒಳ್ಳೆಯವನು ಅಂದೆ. ಅವಳು ಕಾಗದ ಮಡಚಿಟ್ಟಳು. "ಹೋಗ್ಲಿ ಬಿಡು. ಅವನಿಗೂ ಒಂದು ಮನೆ ಇರುತ್ತಲ್ಲ" ಅಂದಳು.

ಮಾರನೇ ದಿನ ಒಂದು ಕಾಗದ ಬರೆದಿದ್ದರೆ ಸಾಕಿತ್ತು. 'ಪರಿಶೀಲನೆಯಲ್ಲಿ ತಪ್ಪಾಗಿದೆ, ಹುದ್ದೆ ಖಾಲಿ ಇದೆ.' ಎರಡೇ ವಾಕ್ಯ. ಬರೆದರೆ ಅಲ್ಲಿಯವರೆಗಿನ ಆರು ವರ್ಷದ ಸಹಿಗಳೂ ಹೊರಗೆ ಬರುತ್ತಿದ್ದವು, ನನ್ನ ನೌಕರಿ ಹೋಗುತ್ತಿತ್ತು. ಹೆದರಿದೆ. ಇವತ್ತು ಬರೆಯೋಣ, ನಾಳೆ ಬರೆಯೋಣ ಅನ್ನುತ್ತಾ ಅರವತ್ತು ದಿನ ಕಳೆದೆ. ಅವಳಿಗೆ ನಲವತ್ತಾಯಿತು. ಅವತ್ತು ನನಗೆ ಎಷ್ಟು ಹಗುರಾಯಿತು ಗೊತ್ತಾ? ನಾಚಿಕೆಗೆಟ್ಟವನು ನಾನು, ಹಗುರಾಯಿತು.

ಅವತ್ತಿನಿಂದ ಅವಳು ನಮ್ಮ ಮನೆಯ ಕಿಟಕಿ ಹತ್ತಿರ ಟೈಪ್‌ರೈಟರ್ ಇಟ್ಟುಕೊಂಡು ಕಂಡವರ ಕೆಲಸದ ಅರ್ಜಿಗಳನ್ನು ಹೊಡೆದುಕೊಡುತ್ತಿದ್ದಾಳೆ. ಈ ಸಭೆಯಲ್ಲೇ ನಾಲ್ಕು ಜನ ಅವಳು ಹೊಡೆದುಕೊಟ್ಟ ಅರ್ಜಿಯಿಂದ ಒಳಗೆ ಬಂದವರಿದ್ದೀರಿ. ತಲೆ ತಗ್ಗಿಸಬೇಡಿ, ನಿಮ್ಮದೇನೂ ತಪ್ಪಿಲ್ಲ.

ಅಕ್ಕಾ, ಕೇಳಿಸ್ತಾ ಇದೆಯಾ? ಆ ಪುಣ್ಯಾತ್ಮ ಯಾರೂ ಇರಲಿಲ್ಲ ಕಣೇ. ಆ ಕುರ್ಚಿ ಖಾಲಿ ಇತ್ತು. ಭರ್ತಿಯಾಗಿದೆ ಅಂತ ನಾನು ಬರೆದೆ. ಮನೆಯಲ್ಲಿ ನಿನ್ನ ಎದುರು ಕೂತು ಹೇಳೋಕೆ ಇಪ್ಪತ್ತೈದು ವರ್ಷ ಬಾಯಿ ಬರಲಿಲ್ಲ. ಈಗಲೂ ನೀನು ಕೆಳಗಿದ್ದೀಯ ಅಂತಲೇ ಹೇಳ್ತಾ ಇದ್ದೀನಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸಿದೆ ಸಾರ್. ಈ ವರ್ಷದ ವರದಿ ನನ್ನ ಮೇಜಿನ ಮೇಲಿದೆ. ಸಹಿ ಮಾಡಿಯೇ ಹೋಗಿ ಅಂದಿದ್ದಿರಿ, ಮಾಡಿದ್ದೇನೆ. ಕೊನೆಯ ಸಾಲಿನಲ್ಲಿ ಮಾತ್ರ 'ಇಲ್ಲ' ಅಂತ ಬರೆದಿಲ್ಲ. 'ಒಂದು' ಅಂತ ಬರೆದಿದ್ದೇನೆ. ಜೊತೆಗೆ ದೂರಿನ ಪ್ರತಿಯನ್ನೂ ಇಟ್ಟಿದ್ದೇನೆ, ಯಾರ ಮೇಲೆ ಅಂತ ಓದಿದರೆ ತಿಳಿಯುತ್ತದೆ. ಮೂಲ ಕಾಗದ ನನ್ನ ಜೇಬಿನಲ್ಲಿದೆ, ಅದರಲ್ಲಿ ದೂರುದಾರರ ಸಹಿಯ ಜಾಗ ಖಾಲಿ ಇದೆ. ಅದನ್ನು ಹಾಕಬೇಕಾದವರು ಮೇಲೆ ಬರಲಾರರು, ಅದಕ್ಕೆ ನಾನೇ ಕಾಗದ ತೆಗೆದುಕೊಂಡು ಕೆಳಗೆ ಹೋಗುತ್ತೇನೆ. ಹಾಕುತ್ತಾಳೋ, ಹರಿದು ನನ್ನ ಮುಖಕ್ಕೆ ಎಸೆಯುತ್ತಾಳೋ, ಅವಳಿಗೆ ಬಿಟ್ಟಿದ್ದು.

ಫಲಕ ಇಲ್ಲೇ ಇರಲಿ. ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ, ನಮಸ್ಕಾರ. ಸ್ವಲ್ಪ ದಾರಿ ಬಿಡಿ, ನಲವತ್ತನಾಲ್ಕು ಮೆಟ್ಟಿಲು ಇಳಿಯಬೇಕು.