ಮಿಷನ್ನಿಗೆ ಕಟ್ಟಿದ ಅರಿಶಿನ ದಾರ

ಯಲಹಂಕದಲ್ಲಿ ಕೂತೇ ಹೆಬ್ಬಾಳದ ಪಿಸುಮಾತು ಕೇಳಿಸಿಕೊಳ್ಳುವ ಕಿವಿ ನನ್ನದು. ನಮ್ಮನೆಯವರು ತೀರಿಕೊಂಡ ಮೇಲಂತೂ ಇನ್ನೂ ಚುರುಕಾಗಿದೆ. ಇದರಲ್ಲಿ ಅರ್ಧ ಸುಳ್ಳು. ಅವತ್ತು ಬಸ್ಸಿನಲ್ಲಿ ಆ ಗಂಡ ಹೆಂಡತಿ ನನ್ನ ಮುಂದಿನ ಸೀಟಿನಲ್ಲೇ ಇದ್ದರು. ಏರ್‌ಪೋರ್ಟ್ ರಸ್ತೆ ಅಗಲ ಮಾಡಲು ಮರ ಕಡಿಯುತ್ತಿದ್ದ ಕಾಲ. ಅವನ ತೊಡೆಯ ಮೇಲೆ ಗೋಣಿಚೀಲದಲ್ಲಿ ಮರ ಕೊಯ್ಯುವ ಮಿಷನ್ನು, ಆನೆಮರಿಯಷ್ಟು ದಪ್ಪ.

“ನಿನ್ನೆ ಮಿಷನ್ನು ಎಗರಿ ನಿಮ್ ಕಿವಿ ಪಕ್ಕದಲ್ಲೇ ಹೋಯ್ತಂತೆ,” ಅಂದಳು ಹೆಂಡತಿ. “ ನಿಮ್ ಜೊತೆ ಕೆಲ್ಸ ಮಾಡೋ ಜಗನ್ ಹೇಳ್ದ.”

“ಅವನಿಗೆ ಬಾಯಿ ಜಾಸ್ತಿ.”

“ಎಗರಿದ್ರೆ ಚೈನು ತಾನಾಗೇ ನಿಲ್ಲುತ್ತೆ ಅಂದಿದ್ರಿ?”

“ಹಿಡಿ ಮುಂದೆ ತಡೆ ಅಂತ ಒಂದು ಪಟ್ಟಿ ಇರುತ್ತೆ, ಅದು ಕೈಗೆ ತಗಲಿ ಮುಂದಕ್ಕೆ ಬಾಗಿದ್ರೆ ಬ್ರೇಕ್ ಬಿದ್ದು ಚೈನು ನಿಲ್ಲುತ್ತೆ. ಬಾಗ್ಲಿಲ್ಲ.”

“ಯಾಕೆ?”

“ನೀನು ಆಯುಧಪೂಜೇಲಿ ಕಟ್ಟಿದ್ಯಲ್ಲ ಅರಿಶಿನ ದಾರ, ಆ ತಡೇನ ಹಿಡಿಗೆ ಸೇರಿಸಿ ಬಿಗಿದುಬಿಟ್ಟಿದೀಯ.”

“ಅಯ್ಯೋ! ಬಿಚ್ಚೋಕೇನ್ರೀ ಆಗಿತ್ತು?”

“ಹೋದ್ವರ್ಷ ಬಿಚ್ಚಿದ್ದಕ್ಕೆ ನನ್ ಹೋಳಿಗೇನ ನಾಯಿಗೆ ಹಾಕ್ದೆ.”

“ನಿಮ್ ಪ್ರಾಣ ಕಾಯ್ಲಿ ಅಂತ ಕಟ್ಟಿದ್ದು ಕಣ್ರೀ.”

“ಗೊತ್ತು ಕಣೇ. ಇರ್ಲಿ ಬಿಡು, ಇವತ್ತಿಂದು ಸಣ್ಣ ಮರ.”

“ನಿನ್ನೇದೂ ಸಣ್ಣದೇ ತಾನೆ?”

ಅವನು ಗೋಣಿಚೀಲ ಹೆಗಲಿಗೇರಿಸಿ ಎದ್ದ.

ಹೆಬ್ಬಾಳದಲ್ಲಿ ಇಳಿದರು. ಅವಳು ಫುಟ್‌ಪಾತಿನ ಮೇಲೇ ಕೂತು, ಗೋಣಿಯಿಂದ ಮಿಷನ್ನು ತೆಗೆಸಿ, ದಾರದ ಗಂಟಿಗೆ ಹಲ್ಲು ಹಾಕಿ ಬಿಚ್ಚಿದಳು. ಕಣ್ಣಲ್ಲಿ ಹೆಬ್ಬಾಳ ಕೆರೆಯಷ್ಟು ನೀರು. ಅವನು ಅಂಗಿಯ ತೋಳು ಮೇಲೆ ಸರಿಸಿ ಬರಿ ಮಣಿಕಟ್ಟನ್ನು ಅವಳ ಮುಂದೆ ಚಾಚಿದ. ಅಷ್ಟರಲ್ಲಿ ನಮ್ಮ ಬಸ್ಸು ಹೊರಟುಬಿಟ್ಟಿತು. ಆಮೇಲೆ ಆ ದಾರ ಎಲ್ಲಿಗೆ ಹೋಯಿತು, ನೀವೇ ಹೇಳಿ ನೋಡೋಣ.