ಎಡೆಗೆ ಇಟ್ಟ ವಾಲ್ವು

ಎಂಬತ್ತೊಂದರ ಮಾರ್ನಮಿ ಅಮಾವಾಸ್ಯೆ. ಗುಬ್ಬಿಯ ಕಡಬ ರಸ್ತೆಯ ರಿಪೇರಿ ಷೆಡ್ಡಿಗೆ ಬೀಗ ಹಾಕಿ ಚಿಕ್ಕಬೀರಯ್ಯ ಮನೆ ಕಡೆ ಹೊರಟಾಗ ಸೆಕೆಂಡ್ ಷೋ ಬಿಟ್ಟಾಗಿತ್ತು. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು ಇದು. ನಗುವವರು ಆಮೇಲೆ ನಗಿ. ಆಲದ ಮರ ದಾಟಿ ಬಾವಿ ಹತ್ತಿರ ಬಂದ. ಹಿಂದಿನಿಂದ ಸದ್ದು...

ಸರ್ರ್... ಸರ್ರ್... ಟಕ್.

ನಾಯಿಯಲ್ಲ, ಗಾಳಿಯಲ್ಲ. ಇಂಜಿನ್ನಿನ ವಾಲ್ವಿಗೆ ಮರಳಿನಂಥ ಪೇಸ್ಟು ಬಳಿದು, ರಬ್ಬರ್ ಕಚ್ಚಿಸಿದ ಕಡ್ಡಿಯನ್ನು ಎರಡು ಅಂಗೈ ನಡುವೆ ಕಡೆಗೋಲಿನ ಹಾಗೆ ತಿರುಗಿಸಿ, ಅದರ ಗೂಡಿನಲ್ಲೇ ಉಜ್ಜುವ ಸದ್ದು. ಸರ್ರ್ ಎರಡು ಸಲ, ಟಕ್ ಒಂದು ಸಲ. ಗುಬ್ಬಿಯಲ್ಲಿ ಹಾಗೆ ಉಜ್ಜುತ್ತಿದ್ದವನು ಒಬ್ಬನೇ, ಅದೇ ಷೆಡ್ಡಿನ ಮೇಸ್ತ್ರಿ ಪುಟ್ಟರಂಗಯ್ಯ.

ಅವನು ಸತ್ತು ವರ್ಷ ದಾಟಿತ್ತು.

ಷೆಡ್ಡಿನಲ್ಲಿ ಬಿಚ್ಚಿಟ್ಟಿದ್ದ ಕಾರು ಸಾವುಕಾರ ಶಿವರಾಮಯ್ಯನದು. ಅಮೆರಿಕದ ಇಂಪಾಲ, ಎಂಟು ಸಿಲಿಂಡರು. ತೋಟದ ಆಳುಗಳ ಬೆನ್ನು ಮುರಿದು ಬಂದ ತೆಂಗಿನಕಾಯಿ ದುಡ್ಡೆಲ್ಲ ಅದರ ಹೊಟ್ಟೆಗೆ. ಆ ಇಂಜಿನ್ನು ಬಿಚ್ಚಿ, ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ಮಸಿ ಕೆರೆದು ಬೆಳ್ಳಿ ಮಾಡುತ್ತಿದ್ದಾಗಲೇ ಪುಟ್ಟರಂಗಯ್ಯ ಕಾಮಾಲೆಯಾಗಿ ಸತ್ತ. ಸಾವುಕಾರ ಮಣ್ಣಿಗೂ ಬರಲಿಲ್ಲ. ಇನ್ನು ಕಾರು ಮುಗಿಸೋರು ಯಾರು ಅಂತ ಕೇಳಲು ಆಳು ಕಳಿಸಿದ, ಅಷ್ಟೆ.

ಪುಟ್ಟರಂಗಯ್ಯನ ಕೈಕೆಳಗಿದ್ದ ಚಿಕ್ಕಬೀರಯ್ಯ, ಕೆಲಸ ತನಗೆ ಬಂತೆಂದು ಒಳಗೊಳಗೇ ಕುಣಿದ. ಆದರೆ ಎಷ್ಟು ಉಜ್ಜಿದರೂ ಸಾವುಕಾರನದು ಒಂದೇ ಮಾತು: "ರಂಗನ ಕೈ ಬರಲ್ಲ ಕಣೋ ನಿಂಗೆ." ಬದುಕಿದ್ದವನನ್ನಾದರೆ ಒಂದಲ್ಲ ಒಂದು ದಿನ ಮೀರಿಸಬಹುದು. ಸತ್ತವನ ಮೇಲಿನ ಹೊಟ್ಟೆಕಿಚ್ಚಿಗೆ ಮದ್ದೆಲ್ಲಿದೆ?

ಆವತ್ತು ಅಮಾವಾಸ್ಯೆ ಬೆಳಿಗ್ಗೆ ಪುಟ್ಟರಂಗಯ್ಯನ ಹೆಂಡತಿ ಓಬಳಮ್ಮ ಷೆಡ್ಡಿಗೆ ಬಂದಿದ್ದಳು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗಿಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚುವ ದಿನ ಅದು.

"ಬೀರಣ್ಣ, ಆ ಕಾರಿಂದು ಒಂದು ವಾಲ್ವು ಕೊಡಪ್ಪ. ನಾಳೆ ತಂದ್ಕೊಡ್ತೀನಿ. ಸಾಯೋವಾಗ್ಲೂ ಅದನ್ನೇ ಕನವರಿಸ್ತಿದ್ರು."

"ಒಂದು ಕಟ್ಟು ಬೀಡಿ ಇಡಕ್ಕ, ಸಾಕು."

"ಬೀಡಿ ನಿಂಗೆ ಇಡ್ತಾರೆ ಬುಡು. ಅವ್ರು ಸೇದ್ತಿರ್ಲಿಲ್ಲ."

ಚಿಕ್ಕಬೀರಯ್ಯ ಮೂಲೆಯ ಗುಜರಿಯಿಂದ ಹಳೆಯದೊಂದು ಲಾರಿ ವಾಲ್ವು ತೆಗೆದು, ಒರೆಸಿ ಕೊಟ್ಟ. ಆ ಕಾರಿನ ಒಂದು ಚೂರನ್ನೂ ಸತ್ತವನಿಗೆ ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ. ಅವಳು ಅದು ಕಾರಿನದೇ ಎಂದುಕೊಂಡು ಕಣ್ಣಿಗೊತ್ತಿಕೊಂಡು ಹೋದಳು.

ಈಗ ರಾತ್ರಿ ಆ ಸದ್ದು ಕೇಳಿ ಬಾವಿಯಿಂದ ಷೆಡ್ಡಿಗೆ ಹಿಂದಕ್ಕೆ ಬಂದು ನೋಡಿದ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಕತ್ತಲು. ಬಾಗಿಲ ಸಂದಿಗೆ ಬಾಯಿಟ್ಟ.

"ಯಾರ್ಲಾ ಅದು?"

ಸದ್ದು ನಿಂತಿತು...

"ಪೇಸ್ಟ್ ಎಲ್ಲಿಟ್ಟಿದೀಯ, ಬೀರ?"

ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು. "ಕಿಟಕಿ ಮೇಲೆ..."

ಒಳಗೆ ತಗಡಿನ ಡಬ್ಬಿಯ ಮುಚ್ಚಳ ತಿರುಗಿತು. ಕಿರ್ರ್...

"ಎಡೇಲಿ ಇಟ್ಟಿದ್ದು ಲಾರೀದು ಕಣೋ. ಅದಕ್ಕೇ ಇಲ್ಲಿಗೇ ಬಂದೆ."

ಓಡಬೇಕಿತ್ತು. ಆದರೆ ಅವನಿಗೆ ಮೊದಲು ಬಂದದ್ದು ಭಯವಲ್ಲ, ಉರಿ.

"ಇದು ನನ್ ಕೆಲ್ಸ. ಕೈ ಹಾಕ್ಬೇಡ!"

"ಹಾಕಲ್ಲ ಬುಡು..." ಪಿಸುಮಾತು ಈ ಸಲ ಬಾಗಿಲಿನ ಈಚೆ, ಅವನ ಕಿವಿ ಪಕ್ಕದಲ್ಲೇ ಬಂತು. "ನಂಗೆಲ್ಲಿ ಕೈ ಐತೆ?"

ಆಮೇಲಿನದು ಅವನಿಗೆ ನೆನಪಿಲ್ಲ.

ಬೆಳಿಗ್ಗೆ ನೀರಿಗೆ ಬಂದ ಗಿರಿಯಮ್ಮ, ಬಾವಿ ಕಟ್ಟೆ ಮೇಲೆ ಬಿದ್ದಿದ್ದವನನ್ನು ತಟ್ಟಿ ಎಬ್ಬಿಸಿದಳು. ಅವನು ಷೆಡ್ಡಿಗೆ ಓಡಿ ಬೀಗ ತೆಗೆದ. ಒಳಗೆ ವಾಲ್ವುಗಳೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತ ತಮ್ಮ ತಮ್ಮ ಗೂಡಿನಲ್ಲಿ ಕೂತಿದ್ದವು. ಸೀಮೆಎಣ್ಣೆ ಹೊಯ್ದು ನೋಡಿದ. ಒಂದು ತೊಟ್ಟೂ ಸೋರಲಿಲ್ಲ.

ಆಯುಧಪೂಜೆ ದಿನ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಸಾವುಕಾರ ಎಲ್ಲರೆದುರು ಚಿಕ್ಕಬೀರಯ್ಯನಿಗೆ ಹಾರ ಹಾಕಿದ. "ರಂಗನ್ನ ಮೀರಿಸ್ಬುಟ್ಟೆ ಕಣೋ!" ವರ್ಷವೆಲ್ಲ ಹಸಿದು ಕಾದಿದ್ದ ಮಾತು. ಕೇಳಿದವನ ಮುಖ ಸತ್ತಂತಿತ್ತು. ಹಾರ ತೆಗೆದು ಕಾರಿನ ಮೇಲಿಟ್ಟು ಹೊರಟೇಹೋದ. ಮತ್ತೆ ಯಾವ ಇಂಜಿನ್ನನ್ನೂ ಬಿಚ್ಚಲಿಲ್ಲ.

ಕಟ್ಟುಕತೆ ಅನ್ನುವವರು ಗಿರಿಯಮ್ಮನನ್ನು ಕೇಳಿ, ಇನ್ನೂ ಗಟ್ಟಿಮುಟ್ಟಾಗಿದ್ದಾಳೆ. ಆವತ್ತು ಬಾವಿ ಕಟ್ಟೆ ಮೇಲೆ ಅವನ ಎರಡು ಅಂಗೈಯೂ ಬೊಬ್ಬೆ ಎದ್ದು ಒಡೆದಿದ್ದವು. ಬೆಣ್ಣೆ ಹಚ್ಚಿದವಳು ಅವಳೇ.