ಕಲೆಯ ಪರೀಕ್ಷೆ

ಬಸ್ ನಿಲ್ದಾಣದ ಬೆಂಚಿನ ಮೇಲೆ ಕ್ಷೌರಿಕನ ಪಕ್ಕ ಅಕ್ಕ-ತಂಗಿ ಕುಳಿತಿದ್ದರು. ಒಂದು ಕಿವಿ ಕತ್ತರಿಗೆ, ಇನ್ನೊಂದು ಗಿರಾಕಿಯ ಮಾತಿಗೆ ಕೊಟ್ಟು ಬದುಕಿದವನು ಆತ. ಅಂಗಡಿ ಮುಚ್ಚಿದರೂ ಕಿವಿ ಮುಚ್ಚಿರಲಿಲ್ಲ.

"ನಾಳೆ ಮಸಾಜ್ ಪರೀಕ್ಷೆಗೆ ಯಾರನ್ನ ಕರ್ಕೊಂಡು ಹೋಗ್ತೀಯೆ?" ಎಂದಳು ಅಕ್ಕ.

"ಒಪ್ಪಿದ್ದವರು ಕೈ ಕೊಟ್ರು. ಹಳೇ ಗಾಯದ ಕಲೆ ಇರೋರೇ ಬೇಕು. ಅದರ ಮೇಲೆ ಮಸಾಜ್ ಮಾಡಿ ತೋರಿಸ್ದೆ ಇದ್ರೆ ಇಡೀ ಟ್ರೈನಿಂಗ್ ನೀರಲ್ಲಿ ಹೋಮ."

"ಇಷ್ಟು ದಿನ ಯಾರ ಮೇಲೆ ಕಲಿತೆ?"

"ದಿಂಬಿನ ಮೇಲೆ."

"ಪಾಪ, ಅದಕ್ಕೆ ಬಾಯಿಲ್ಲ."

ತಂಗಿ ಮೂಗು ಹಿಡಿದು ಟ್ರೈನಿಂಗ್ ಮೇಡಂ ದನಿ ತೆಗೆದಳು. "'ತಣ್ಣನೆ ಕೈಯಲ್ಲಿ ಕಲೆ ಮುಟ್ಟಬಾರ್ದು, ಮಕ್ಕಳೇಏ! ಮೊದಲು ಕೈ ಉಜ್ಜಿ. ಆಮೇಲೆ ಅವರನ್ನ ಕೇಳಿ. ಆಮೇಲೆ ಮುಟ್ಟಿ!'"

ಅಕ್ಕ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕೊರಳಿನ ಸ್ಕಾರ್ಫನ್ನು ಬಿಗಿ ಮಾಡಿಕೊಂಡಳು.

"ನನ್ನ ಕಡೆ ನೋಡ್ಬೇಡ."

"ನಾನೆಲ್ಲಿ ನೋಡ್ದೆ?"

"ಆಪರೇಷನ್ ಆದ್ಮೇಲೆ ನಿಮ್ಮ ಭಾವನಿಗೂ ಈ ಕಲೇನ ಮುಟ್ಟೋಕೆ ಬಿಟ್ಟಿಲ್ಲ ಕಣೇ."

"ಗೊತ್ತಕ್ಕ. ಅದಕ್ಕೇ ಕೇಳ್ಲಿಲ್ಲ."

ಅವರ ಬಸ್ಸು ಬಂತು. ಎದ್ದು ನಿಂತ ಅಕ್ಕ ಎರಡು ಹೆಜ್ಜೆ ಇಟ್ಟವಳು ತಿರುಗಿ ತಂಗಿಯ ಬೆರಳು ಹಿಡಿದು ನೋಡಿದಳು.

"ಅಯ್ಯಪ್ಪಾ, ಐಸು! ಮನೆ ಸೇರೋದ್ರೊಳಗೆ ಉಜ್ಜಿ ಬೆಚ್ಚಗೆ ಮಾಡ್ಕೋ. ಇವತ್ತೇ ಒಂದ್ಸಲ ನೋಡೇಬಿಡೋಣ. ನೋವಾದ್ರೆ ಮಾತ್ರ ನಾನು ದಿಂಬಿನ ಥರ ಸುಮ್ನಿರಲ್ಲ."

ತಂಗಿ ಅಂಗೈಗಳನ್ನು ಉಜ್ಜುತ್ತಲೇ ಮೆಟ್ಟಿಲು ಹತ್ತಿದಳು.

"ಕಂಬಿ ಹಿಡ್ಕೊಳಮ್ಮಾ, ಬೀಳ್ತೀಯ!" ಎಂದು ಕಂಡಕ್ಟರ್ ಗದರಿದ.

"ಬೇಡ ಸಾರ್, ಕಂಬಿ ತಣ್ಣಗಿದೆ."

ಅಕ್ಕನೇ ಅವಳ ಸೊಂಟ ಬಳಸಿ ಹಿಡಿದುಕೊಂಡಳು. ಬಸ್ಸು ಹೊರಟಿತು.